ಹೂಂ ಅಂದದ್ದು ಯಾರು

"ನಿಮ್ಮ ಈ 'ಹೂಂ' ಸುಳ್ಳು ಹೇಳುತ್ತೆ ಮೇಡಂ."

ಕೊನೆಯ ಸಾಲಿನಿಂದ ಬಂದ ಆ ಮಾತಿಗೆ ಇಡೀ ಸಭೆ ಹಿಂದಕ್ಕೆ ತಿರುಗಿತು. ಬಿಳಿ ಹಲಗೆಯ ಮುಂದೆ ನಿಂತಿದ್ದ ಅವಳ ಕೈಯ ಪೆನ್ನು ಅರ್ಧ ಗೆರೆ ಎಳೆದು ಅಲ್ಲೇ ನಿಂತಿತು.

ಹೊಸ ಕೆಲಸ, ಹೊಸ ಊರು, ಮೊದಲನೆಯ ದೊಡ್ಡ ಸಭೆ. ಆಸ್ಪತ್ರೆಯ ಮುಖ್ಯಸ್ಥರು, ನರ್ಸುಗಳಿಗೆಲ್ಲ ಹಿರಿಯಳಾದ ದೊಡ್ಡ ಸಿಸ್ಟರ್, ಆಂಬ್ಯುಲೆನ್ಸ್ ವಿಭಾಗದವರು, ಎಲ್ಲರೂ ಇಷ್ಟು ಹೊತ್ತೂ ತಲೆದೂಗುತ್ತಿದ್ದರು. ಈಗ ಈ ಮನುಷ್ಯ...

'ಯಾರಿವನು?' ಎಂದುಕೊಂಡಳು. ಬಾಯಿ ಮಾತ್ರ ಬೇರೆ ಕೇಳಿತು. "ಏನಂದ್ರಿ?"

"ಸುಳ್ಳು ಹೇಳುತ್ತೆ ಅಂದೆ."

ಅವನು ಎದ್ದು ನಿಂತ. ಎತ್ತರದ ಆಳು, ಮೊಣಕೈವರೆಗೆ ಮಡಚಿದ ಅಂಗಿಯ ತೋಳು, ಕಿವಿಯ ಮೇಲೆ ಪೆನ್ಸಿಲಿನ ಹಾಗೆ ಸಿಕ್ಕಿಸಿಕೊಂಡಿದ್ದ ಸಣ್ಣ ಸ್ಕ್ರೂಡ್ರೈವರ್. ಆಂಬ್ಯುಲೆನ್ಸುಗಳ ಸಂಪರ್ಕವನ್ನೆಲ್ಲ ನೋಡಿಕೊಳ್ಳುವ ಎಂಜಿನಿಯರ್ ಅಂತೆ.

ಕೇಳುವವರಿಗೆ ಸಂಗತಿ ತಿಳಿದಿರಲಿ. ರೋಗಿಯನ್ನು ಹತ್ತಿಸಿಕೊಂಡ ಆಂಬ್ಯುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಬೇಕು. ಏನಾಗಿದೆ, ನಾಡಿ ಹೇಗಿದೆ, ಉಸಿರು ಹೇಗಿದೆ ಎಂಬುದೆಲ್ಲ ತಿಳಿದರೆ ವೈದ್ಯರು ಬಾಗಿಲಲ್ಲೇ ಸಿದ್ಧರಾಗಿ ನಿಲ್ಲಬಹುದು. ಆ ಸುದ್ದಿ ಹೇಗೆ ಹೋಗಬೇಕು ಎಂಬ ನಿಯಮಗಳನ್ನು ಕಟ್ಟಲು ಅವಳನ್ನು ಕರೆಸಿದ್ದರು. ಸುದ್ದಿಯನ್ನು ಚೂರುಚೂರು ಮಾಡಿ, ಒಂದೊಂದಕ್ಕೂ ಸಂಖ್ಯೆ ಬರೆದು ಗಾಳಿಗೆ ಬಿಡುವುದು. ಮುಟ್ಟಿದ ಚೂರಿಗೆಲ್ಲ ಆ ಕಡೆಯಿಂದ 'ಬಂತು' ಎಂಬ ಉತ್ತರ. ಉತ್ತರ ಬರದ ಚೂರನ್ನು ಮತ್ತೆ ಕಳಿಸುವುದು. ಆ ಉತ್ತರಕ್ಕೆ ಅವಳು ಪ್ರೀತಿಯಿಂದ ಇಟ್ಟಿದ್ದ ಹೆಸರು 'ಹೂಂ'.

"ಕಥೆ ಕೇಳುವಾಗ ಮಕ್ಕಳು ಹೂಂ ಅಂತಾರಲ್ಲ, ಅದೇ ಹೂಂ," ಎಂದು ಆಗಷ್ಟೇ ವಿವರಿಸಿದ್ದಳು. ಎಲ್ಲರೂ ನಕ್ಕಿದ್ದರು. ಇವನು ನಕ್ಕಿರಲಿಲ್ಲ.

"ಈ ಹೂಂ ಅನ್ನೋದು ಯಾರು?" ಅವನು ಹಲಗೆಯತ್ತ ಕೈ ತೋರಿಸಿದ. "ದಾರಿ ನಡುವೆ ಟವರಿನಲ್ಲಿ ಕೂತಿರೋ ಪೆಟ್ಟಿಗೆ. ಅದು ಹೂಂ ಅಂದ ಕೂಡಲೇ ನಮ್ಮ ಚಾಲಕ ಆಸ್ಪತ್ರೆಗೆ ಗೊತ್ತಾಯ್ತು ಅಂತ ನಂಬಿಬಿಡ್ತಾನೆ. ಪೆಟ್ಟಿಗೆಯಿಂದ ಮುಂದಕ್ಕೆ ದಾರಿ ಕೆಟ್ಟಿದ್ರೆ? ಅಥವಾ ಇಲ್ಲಿನ ಕಂಪ್ಯೂಟರಿಗೆ ಬಂದು, ಸಿಸ್ಟರ್ ಕಾಫಿಗೆ ಹೋಗಿದ್ರೆ?"

"ಕಾಫಿಗಾ?" ದೊಡ್ಡ ಸಿಸ್ಟರ್ ಕನ್ನಡಕ ಏರಿಸಿದಳು. "ಸೀನೋಕೂ ಪುರುಸೊತ್ತಿಲ್ಲ ಕಣಪ್ಪ ನಮಗೆ. ಕಾಫಿಯಂತೆ."

ಸಭೆ ಗೊಳ್ಳೆಂದು ನಕ್ಕಿತು. ಅವಳಿಗೆ ಮಾತ್ರ ಕೆನ್ನೆ ಬಿಸಿಯಾಗಿತ್ತು.

"ಹೂಂ ಅಂದ್ರೆ ಕೇಳಿಸ್ತು ಅಂತ ಅಷ್ಟೇ. ಒಪ್ಪಿದೆ ಅಂತಲ್ಲ, ಅರ್ಥ ಆಯ್ತು ಅಂತಲೂ ಅಲ್ಲ. ಅಷ್ಟು ವ್ಯತ್ಯಾಸ ತಿಳಿದವರು ಇದನ್ನ ಬಳಸ್ತಾರೆ ಅಂದ್ಕೊಂಡಿದ್ದೆ."

"ಕೇಳಿಸಿದ್ದು ಯಾರಿಗೆ ಅಂತ ತಾನೆ ನಾನೂ ಕೇಳ್ತಿರೋದು. ನಡುವಿನವರು ಏನು ಹೇಳಿದರೇನು? ಈ ತುದಿಯವರ ಮಾತು ಆ ತುದಿಯವರಿಗೆ ಮುಟ್ಟಿತಾ, ಇಲ್ವಾ? ಅದನ್ನ ಆ ತುದಿಯೇ ಹೇಳಬೇಕು."

ಸಿಟ್ಟು ಮೂಗಿನ ತುದಿಯಲ್ಲಿದ್ದರೂ ಅವಳ ಒಳಗೊಂದು ದನಿ ಮೆಲ್ಲಗೆ ಹೇಳಿತು... 'ಅವನು ಹೇಳ್ತಿರೋದು ಸರಿ.' ಆ ದನಿಯ ಮೇಲೆ ಅವಳಿಗೆ ಇನ್ನೂ ಸಿಟ್ಟು ಬಂತು.

ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಇಬ್ಬರೂ ಒಟ್ಟಿಗೆ ಕೂತು ಸರಿಮಾಡಿ. ಜಗಳ ಮುಗಿದ ಮೇಲೆ ನನಗೆ ತೋರಿಸಿ."

ಹೊರಗೆ ಬರುತ್ತಿದ್ದಂತೆ ದೊಡ್ಡ ಸಿಸ್ಟರ್ ಅವಳ ಹೆಗಲು ತಟ್ಟಿದಳು. "ಬೇಜಾರಾಗಬೇಡಮ್ಮ. ಅವನು ಎಲ್ಲ ಸಭೆಯಲ್ಲೂ ಹಾಗೇ. ನಾವೆಲ್ಲ ಅವನಿಗೆ 'ಅಡ್ಡಗಾಲು' ಅಂತಲೇ ಕರೆಯೋದು."

ಸಂಜೆಯೊಳಗೆ ಅವಳಿಗೂ ಒಂದು ಹೆಸರು ಬಿದ್ದಿತ್ತು. ಹೂಂ ಮೇಡಂ.

* * *

ಅವರಿಗೆ ಕೊಟ್ಟ ಜಾಗ ಹಿಂದೆ ಹಾಸಿಗೆ ಬಟ್ಟೆ ಇಡುತ್ತಿದ್ದ ಕೋಣೆ. ಗೋಡೆಯುದ್ದಕ್ಕೂ ಖಾಲಿ ಮರದ ಅಟ್ಟಗಳು, ಎಲ್ಲೆಲ್ಲೂ ಒಗೆದ ಬಟ್ಟೆಯ ಸೋಪಿನ ವಾಸನೆ. ಒಂದು ಮೇಜು, ಎರಡು ಕುರ್ಚಿ. ಒಂದು ಕುರ್ಚಿಯ ಕಾಲು ಕುಂಟು. ಮೊದಲ ದಿನ ಆ ಕುರ್ಚಿಯನ್ನು ಅವನು ತಾನೇ ಎಳೆದುಕೊಂಡದ್ದನ್ನು ಅವಳು ಗಮನಿಸಿದಳು. ಗಮನಿಸಿಯೂ ಗಮನಿಸದವಳಂತೆ ಇದ್ದಳು.

ಜಗಳ ದಿನವೂ ನಡೆಯಿತು. ನಡುವಿನ ಪೆಟ್ಟಿಗೆಗೆ ಎಷ್ಟು ಬುದ್ಧಿ ಕೊಡಬೇಕು? ಅವಳು ಹೆಚ್ಚು ಅಂದಳು. ಅವನು ಸ್ವಲ್ಪವೂ ಬೇಡ ಅಂದ.

"ನಡುವಿನವರಿಗೆ ಬುದ್ಧಿ ಜಾಸ್ತಿಯಾದ್ರೆ ಏನಾಗುತ್ತೆ ಗೊತ್ತಾ? ಸಂಬಂಧ ಕುದುರಿಸೋ ದೊಡ್ಡಪ್ಪನ ಹಾಗೆ. ಹುಡುಗ ಒಂದು ಹೇಳ್ತಾನೆ, ಇವರು ತಿದ್ದಿ ಇನ್ನೊಂದು ಮುಟ್ಟಿಸ್ತಾರೆ. ಪೆಟ್ಟಿಗೆ ಬರೀ ಹೊರಲಿ. ಯೋಚನೆಯೆಲ್ಲ ತುದಿಗಳಲ್ಲಿರಲಿ."

"ನಿಮಗೆ ಅಂಥ ದೊಡ್ಡಪ್ಪ ಇದ್ದಾರಾ?"

"ಇದ್ದಾರೆ. ಅದಕ್ಕೇ ಇನ್ನೂ ಮದುವೆಯಾಗಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆ ಕೋಣೆಯಲ್ಲಿ ಅದು ಮೊದಲ ನಗು.

ಇನ್ನೊಂದು ಮಧ್ಯಾಹ್ನ ಅವಳು ನಿಯಮವೊಂದನ್ನು ಓದಿ ಹೇಳಿದಳು. "ಕೊಡುವಾಗ ಕಟ್ಟುನಿಟ್ಟು, ತಗೊಳ್ಳುವಾಗ ಧಾರಾಳ. ನಾವು ಕಳಿಸೋದು ಅಚ್ಚುಕಟ್ಟಾಗಿರಬೇಕು. ಅವರು ಕಳಿಸಿದ್ದು ಸ್ವಲ್ಪ ಹೆಚ್ಚುಕಮ್ಮಿ ಇದ್ರೂ ಅರ್ಥ ಮಾಡ್ಕೋಬೇಕು."

"ನೀವು ಇದಕ್ಕೆ ಉಲ್ಟಾ. ಬೈಯುವಾಗ ಧಾರಾಳ, ಕೇಳಿಸ್ಕೊಳ್ಳುವಾಗ ಕಟ್ಟುನಿಟ್ಟು."

"ನೀವು ಎರಡರಲ್ಲೂ ಕಟ್ಟುನಿಟ್ಟು. ಸರಿ, ಇದು ಹೇಳಿ... ಕಳಿಸಿದ್ದಕ್ಕೆ ಉತ್ತರ ಬರಲಿಲ್ಲ. ಆಗ?"

"ಸ್ವಲ್ಪ ಕಾದು ಮತ್ತೆ ಕಳಿಸೋದು. ಆಗಲೂ ಬರದಿದ್ರೆ ಇನ್ನೂ ಸ್ವಲ್ಪ ಹೆಚ್ಚು ಕಾಯೋದು. ಎಲ್ಲ ಗಾಡಿಗಳೂ ಒಟ್ಟಿಗೆ ಕೂಗಾಡಿದ್ರೆ ದಾರಿಯೇ ಕಟ್ಟಿಕೊಳ್ಳುತ್ತೆ."

"ಎಲ್ಲಿವರೆಗೆ ಕಾಯೋದು?"

ಅವನು ತಲೆಯೆತ್ತಿ ಅವಳನ್ನು ನೋಡಿದ. ಒಂದು ಕ್ಷಣ ಹೆಚ್ಚಾಗಿಯೇ ನೋಡಿದ. "ಆಸೆ ಇರೋವರೆಗೆ."

ಅವಳು ಥಟ್ಟನೆ ಕಂಪ್ಯೂಟರಿನತ್ತ ತಿರುಗಿದಳು. ಪರದೆಯ ಮೇಲೆ ಏನಿತ್ತೆಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

ಕೊನೆಗೆ ಹೂಂನ ಗಂಟು ಬಿಡಿಸಿದವಳು ಅವಳೇ. ಅಜ್ಜಿಯ ನೆನಪಿನಿಂದ.

"ನಮ್ಮಜ್ಜಿ ಕಥೆ ಹೇಳುವಾಗ ನಾವು ನಿದ್ದೆಗಣ್ಣಲ್ಲೇ ಹೂಂ ಅಂತಿದ್ವಿ. ಅವಳಿಗೆ ಅನುಮಾನ ಬಂದ್ರೆ ನಡುವೆ 'ಆಗ ರಾಜನಿಗೆ ಬಾಲ ಬಂತು' ಅಂತಿದ್ಲು. ಅದಕ್ಕೂ ಹೂಂ ಅಂದ್ರೆ ಕಥೆ ಬಂದ್. ಎಚ್ಚರ ಇದ್ದವರು 'ಬಾಲನಾ?' ಅಂತ ಕೇಳ್ತಿದ್ರು."

ಹೇಳುತ್ತ ಹೇಳುತ್ತ ಅವಳ ಕಣ್ಣು ಅರಳಿತು. ಎದ್ದು ನಿಂತಳು.

"ಹೂಂ ಇರಲಿ, ಅದು ಪೆಟ್ಟಿಗೆಗಳ ಮಾತು. ಕೆಳಗಿನ ಪದರದ್ದು. ಅದರ ಮೇಲೆ ಮನುಷ್ಯರ ಪದರ ಬೇರೆ ಇರಲಿ. ಅಲ್ಲಿ ಸಿಸ್ಟರ್ ಬರೀ ಗುಂಡಿ ಒತ್ತಿದ್ರೆ ಸಾಲದು. ರೋಗಿಗೆ ಏನಾಗಿದೆ ಅಂತ ಬಂದ ಸುದ್ದಿಯನ್ನ ತಾವೇ ತಿರುಗಿ ಹೇಳಬೇಕು, ಯಾವ ಕೋಣೆ ಸಿದ್ಧ ಅಂತ ಸೇರಿಸಬೇಕು. ಓದದೆ ಅದನ್ನ ಹೇಳೋಕೇ ಆಗಲ್ಲ."

ಈ ಸಲ ಅವನು ಅಡ್ಡಗಾಲು ಹಾಕಲಿಲ್ಲ. ಕಿವಿಯ ಮೇಲಿನ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟ.

"ನಿಮ್ಮಜ್ಜಿಗೆ ನಾನು ನಮಸ್ಕಾರ ಹೇಳ್ದೆ ಅನ್ನಿ."

"ಅವಳಿಲ್ಲ ಈಗ."

"ಹಾಗಾದ್ರೆ ನಾನೇ ಹೇಳ್ಕೋತೀನಿ." ಅವನು ಅರೆಗಳಿಗೆ ಕಣ್ಣು ಮುಚ್ಚಿದ. ನಿಜವಾಗಿಯೂ ಹೇಳಿಕೊಂಡ.

ಅವಳ ಮನಸ್ಸು ಜಾರಿದ್ದು ಆಗಲೇ. ಮನಸ್ಸು ಜಾರುವಾಗ ಸದ್ದಾಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ.

* * *

ಪರೀಕ್ಷೆಯ ದಿನ ಆಂಬ್ಯುಲೆನ್ಸಿನ ಹಿಂಭಾಗದಲ್ಲಿ ಅವರಿಬ್ಬರು, ಮುಂದೆ ಎಲ್ಲರೂ ಚಾಲಕಣ್ಣ ಎಂದು ಕರೆಯುವ ಹಿರಿಯ ಚಾಲಕ. ರೋಗಿಯ ಜಾಗದಲ್ಲಿ ಒಂದು ದಿಂಬು ಮಲಗಿತ್ತು. ಅದಕ್ಕೆ ಚಾಲಕಣ್ಣ ಹೊದಿಕೆ ಹೊದಿಸಿ ಬೆಲ್ಟು ಕಟ್ಟಿದ್ದ.

"ನಿಧಾನಕ್ಕೆ ಓಡಿಸಿ ಚಾಲಕಣ್ಣ, ದಿಂಬಿಗೆ ನೋವಾಗುತ್ತೆ," ಎಂದಳು ಅವಳು.

"ದಿಂಬು ನೆಟ್ಟಗಿದೆಯಮ್ಮ. ನಿಮ್ಮ ಸಾರ್ ಮುಖ ನೋಡಿ, ಅವರಿಗೇ ಬೆಲ್ಟು ಬೇಕು."

ಅವನ ಮುಖ ಬೆಳಗಿನಿಂದ ಹಾಗೇ ಇತ್ತು. ಬಂದರು ಊರಿನ ದೊಡ್ಡ ಆಸ್ಪತ್ರೆಯಿಂದ ಕರೆ ಬಂದಿತ್ತು. ಇದೇ ವ್ಯವಸ್ಥೆಯನ್ನು ಅಲ್ಲಿಯೂ ಕಟ್ಟಬೇಕು, ಕಾಯಂ ಆಗಿ ಅಲ್ಲೇ ಇರಬೇಕು ಎಂದು. ಅವಳಿಗೆ ಹೇಗೆ ಹೇಳುವುದು ಎಂದೇ ಅವನು ದಾರಿಯುದ್ದಕ್ಕೂ ಮಾತು ನೇಯುತ್ತಿದ್ದ.

ಗಾಡಿ ಸುರಂಗದ ಬಾಯಿಗೆ ಬಂತು. ಪರೀಕ್ಷೆಯ ಕಷ್ಟದ ಜಾಗ ಅದೇ. ಅವಳು ಪರದೆಗೆ ಮೂಗು ತಾಗುವಷ್ಟು ಬಾಗಿದಳು. ಕತ್ತಲೆ ಕವಿಯಿತು. ಉತ್ತರಗಳು ನಿಂತವು. ಗಾಡಿಯ ಸದ್ದು ಗೋಡೆಗೆ ಬಡಿದು ಎರಡಾಯಿತು.

'ಬರಲಿ... ಬರಲಿ...' ಎಂದುಕೊಂಡಳು.

ಹೊರಗಿನ ಬೆಳಕು ಕಂಡಿತು. ಒಂದು ಹೂಂ. ಮತ್ತೊಂದು. ಸುರಂಗದಲ್ಲಿ ಕಳೆದುಹೋದ ಚೂರುಗಳೆಲ್ಲ ತಾವಾಗಿಯೇ ಮತ್ತೆ ಹೊರಟು, ತಮ್ಮ ತಮ್ಮ ಜಾಗದಲ್ಲಿ ಹೋಗಿ ಕೂರತೊಡಗಿದವು. ಹಸಿರು, ಹಸಿರು, ಹಸಿರು...

ಆ ಹೊತ್ತಿಗೇ ಅವನು ಕೇಳಿದ.

"ಬಂದರಿನವರು ಕರೀತಿದ್ದಾರೆ. ಅಲ್ಲೇ ಇರೋ ಕೆಲಸ. ನಾನು ಹೋಗಲಾ?"

"ಹೂಂ," ಎಂದಳು ಅವಳು, ಕಣ್ಣು ಕದಲಿಸದೆ.

ಪ್ರಶ್ನೆ ನಿಮಗೆ ಕೇಳಿಸಿತು, ನನಗೆ ಕೇಳಿಸಿತು, ಮುಂದೆ ಕೂತ ಚಾಲಕಣ್ಣನಿಗೂ ಕೇಳಿಸಿತು. ಅವಳಿಗೆ ಮಾತ್ರ ಕೇಳಿಸಿರಲಿಲ್ಲ. ಕಿವಿ ತೆಗೆದುಕೊಂಡಿತು, ಬಾಯಿ ಉತ್ತರ ಕೊಟ್ಟಿತು. ನಡುವೆ ಇದ್ದವಳು ಪರದೆಯೊಳಗಿದ್ದಳು.

"ಎಲ್ಲ ಬಂತು, ನೋಡಿ, ಒಂದೂ ಬಿಡದೆ ಎಲ್ಲ ಬಂತು," ಎಂದು ಅವಳು ಸಂಭ್ರಮದಿಂದ ತಿರುಗಿದಾಗ ಅವನು ಕಿಟಕಿಯಾಚೆ ನೋಡುತ್ತಿದ್ದ.

"ಹೌದು," ಎಂದ. "ಉತ್ತರ ಬಂತು."

* * *

ಮರುದಿನದಿಂದ ಬಟ್ಟೆ ಕೋಣೆಯಲ್ಲಿ ಜಗಳವಿಲ್ಲ. ಅವಳು ಏನು ಬರೆದರೂ "ಸರಿಯಾಗಿದೆ" ಅನ್ನುತ್ತಿದ್ದ. ಬೇಕೆಂದೇ ಒಂದು ತಪ್ಪು ಬರೆದು ನೋಡಿದಳು. ಅದನ್ನೂ ಸದ್ದಿಲ್ಲದೆ ತಿದ್ದಿ ಎದ್ದುಹೋದ.

'ನಾನೇನು ಮಾಡಿದೆ? ಸುರಂಗದ ಆಚೆಯಿಂದ ಬೇರೆ ಮನುಷ್ಯನೇ ಬಂದ ಹಾಗಿದೆ...'

ವಿಷಯ ತಿಳಿದದ್ದು ಮೆಟ್ಟಿಲ ಮೇಲೆ, ದೊಡ್ಡ ಸಿಸ್ಟರ್ ಬಾಯಿಂದ.

"ನಮ್ಮ ಅಡ್ಡಗಾಲು ಬಂದರು ಊರಿಗೆ ಹೊರಟನಂತೆ. ಇನ್ನು ಅಲ್ಲೇ ಅಂತೆ. ನಿನಗೆ ಗೊತ್ತೇ ಇರುತ್ತೆ ಬಿಡು."

ಮೆಟ್ಟಿಲ ಕಂಬಿ ತಣ್ಣಗಿತ್ತು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಡೀ ಆಸ್ಪತ್ರೆಗೆ ಗೊತ್ತು. ಒಂದೇ ಮೇಜಿನ ಆಚೆ ಕೂತ ತನಗೆ ಗೊತ್ತಿಲ್ಲ.

"ಗೊತ್ತು ಸಿಸ್ಟರ್," ಎಂದಳು. ನಗುವುದಕ್ಕೂ ಪ್ರಯತ್ನಿಸಿದಳು.

ಕೋಣೆಗೆ ಬಂದು ನೇರವಾಗಿ ಹೇಳಿದಳು. "ಹೊಸ ಕೆಲಸಕ್ಕೆ ಶುಭವಾಗಲಿ."

ಅವನು ತಿರುಗಿದ. "ನಿಮಗೆ ಖುಷಿ ತಾನೆ?"

"ನನ್ನ ಖುಷಿ ಕಟ್ಕೊಂಡು ನಿಮಗೇನು?"

"ಅದೂ ನಿಜ," ಎಂದ ಅವನು. ದನಿ ಮೆತ್ತಗಿತ್ತು.

ಒಬ್ಬರು ಹೇಳಿದ್ದೇನೆ ಎಂದುಕೊಂಡಿದ್ದರು, ಇನ್ನೊಬ್ಬರು ಹೇಳಲೇ ಇಲ್ಲ ಎಂದುಕೊಂಡಿದ್ದರು. ಊರಿಗೆಲ್ಲ ಸುದ್ದಿ ಮುಟ್ಟುವ ದಾರಿ ಕಟ್ಟಿಕೊಟ್ಟವರ ನಡುವೆ ಒಂದು ಮಾತು ದಾರಿ ತಪ್ಪಿ ನಿಂತಿತ್ತು.

* * *

ವ್ಯವಸ್ಥೆ ನಿಜವಾಗಿ ಶುರುವಾದ ಬೆಳಗ್ಗೆ ತುರ್ತು ವಿಭಾಗದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲಸವಿದ್ದವರು, ಇಲ್ಲದವರು, ಎಲ್ಲರೂ ಆ ಒಂದು ಪರದೆಯ ಸುತ್ತ ನೆರೆದಿದ್ದರು. ಅವನು ಅಂಗಳದ ಆಚೆ, ಆಂಬ್ಯುಲೆನ್ಸ್ ಕಚೇರಿಯ ಮಹಡಿಯಲ್ಲಿದ್ದ. ಮಧ್ಯಾಹ್ನದ ಬಸ್ಸಿಗೆ ಹೊರಡುವವನು.

ಪರದೆ ಮಿಣುಕಿತು.

"ಬಂತು," ಎಂದರು ಯಾರೋ. ಒಬ್ಬ ಅಡುಗೆಯವನು, ಕೆಲಸದ ನಡುವೆಯೇ ಕುಸಿದಿದ್ದಾನೆ, ಎದೆನೋವು. ಸುದ್ದಿ ಅರ್ಧಕ್ಕೆ ನಿಂತಿತು. ಗಾಡಿ ಸುರಂಗದೊಳಗಿತ್ತು.

ಅವಳು ಕಣ್ಣು ಮುಚ್ಚಿದಳು. ದೇವರಿಗೆ ಹೇಳಿಕೊಂಡ ಮಾತಿಗೆ ಆ ಕಡೆಯಿಂದ ಯಾರೂ ಹೂಂ ಅನ್ನುವುದಿಲ್ಲ. ಆದರೂ ಮನುಷ್ಯ ಹೇಳುತ್ತಲೇ ಇರುತ್ತಾನೆ. ಅವಳೂ ಹೇಳಿದಳು.

ಉಳಿದ ಚೂರುಗಳು ಒಂದರ ಹಿಂದೊಂದು ಬಂದು ಬಿದ್ದವು. ನಾಡಿ, ಉಸಿರು, ಕೊಟ್ಟ ಔಷಧಿ. ದೊಡ್ಡ ಸಿಸ್ಟರ್ ಕನ್ನಡಕ ಏರಿಸಿ ಓದಿ, ಗಟ್ಟಿಯಾಗಿ ಹೇಳುತ್ತಲೇ ಉತ್ತರ ಒತ್ತಿದಳು. "ಎದೆನೋವು, ಬಾಗಿಲ ಪಕ್ಕದ ಕೋಣೆ ಸಿದ್ಧ, ಹೃದಯದ ಡಾಕ್ಟರ್ ಇಲ್ಲೇ ನಿಂತಿದ್ದಾರೆ."

ಗಾಡಿ ಬಂದು ನಿಂತದ್ದೇ ತಡ, ಸ್ಟ್ರೆಚರ್ ಎಲ್ಲೂ ನಿಲ್ಲದೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ವೈದ್ಯರು ಬಾಗಿಲಿನಿಂದ ತಲೆ ಹೊರಹಾಕಿ ಹೆಬ್ಬೆರಳು ಎತ್ತಿದರು. ದೊಡ್ಡ ಸಿಸ್ಟರ್ ಪಕ್ಕದಲ್ಲಿದ್ದ ಮುಖ್ಯಸ್ಥರನ್ನೇ ತಬ್ಬಿಕೊಂಡುಬಿಟ್ಟಳು.

ಅವಳು ಗುಂಪಿನಿಂದ ಹೊರಗೆ ಬಂದಳು. ಸಂತೋಷ ಹೇಳಿಕೊಳ್ಳಬೇಕಾದ ಒಬ್ಬನೇ ಒಬ್ಬ ಅಲ್ಲಿರಲಿಲ್ಲ.

ಗಾಡಿಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದ ಚಾಲಕಣ್ಣ ಅವಳನ್ನು ಕಂಡು ಕೈಮುಗಿದ. "ಸಿಸ್ಟರ್ ಕಳಿಸಿದ ಉತ್ತರ ಕಂಡಾಗ ನನಗೆ ಅರ್ಧ ಜೀವ ವಾಪಸ್ ಬಂತಮ್ಮ. ಇಷ್ಟು ಒಳ್ಳೆ ಕೆಲಸ ಇಬ್ಬರೂ ಸೇರಿ ಮಾಡಿದ್ರಿ. ಆದ್ರೂ ಆ ಮನುಷ್ಯನನ್ನ ಯಾಕಮ್ಮ ಕಳಿಸಿಬಿಟ್ರಿ?"

"ನಾನಾ? ನಾನ್ಯಾಕೆ ಕಳಿಸಲಿ? ನನಗೆ ಒಂದು ಮಾತೂ ಹೇಳದೆ ಹೊರಟಿದ್ದಾರೆ."

"ಹೇಳದೆ? ಅವತ್ತು ಸುರಂಗ ದಾಟುವಾಗ 'ಬಂದರಿನವರು ಕರೀತಿದ್ದಾರೆ, ಹೋಗಲಾ' ಅಂತ ಕೇಳಿದ್ರು. ನೀವೇ ಹೂಂ ಅಂದ್ರಿ. ನನ್ನ ಕಿವಿಯಾರೆ ಕೇಳಿದ್ದೀನಿ."

'ಹೂಂ ಅಂದೆನಾ...? ನಾನಾ...?'

ಅಂದಿರುತ್ತಾಳೆ. ತಾನು ಎಂಥವಳೆಂದು ಅವಳಿಗೆ ಗೊತ್ತಿಲ್ಲವೇ. ಅವತ್ತು ಅವನು ರಾಜನಿಗೆ ಬಾಲ ಬಂತು ಅಂದಿದ್ದರೂ ಹೂಂ ಅಂದಿರುತ್ತಿದ್ದಳು.

ಅಂಗಳ ದಾಟಿ, ಮೆಟ್ಟಿಲು ಹತ್ತಿ, ಬಾಗಿಲು ತಳ್ಳುವವರೆಗೆ ಅವಳು ಓಡಿದ್ದು ಅವಳಿಗೇ ತಿಳಿಯಲಿಲ್ಲ. ಕರೆ ತೆಗೆದುಕೊಳ್ಳುವ ಹೆಂಗಸರು ಸಾಲಾಗಿ ಕೂತಿದ್ದರು. ಅವನು ಗೋಡೆಯ ಪೆಟ್ಟಿಗೆಯೊಂದರ ಮುಚ್ಚಳ ಬಿಗಿಯುತ್ತಿದ್ದ.

"ಇನ್ನೊಂದು ಸಲ ಕೇಳಿ," ಎಂದಳು ಏದುಸಿರು ಬಿಡುತ್ತ.

"ಏನನ್ನ?"

"ಸುರಂಗದಲ್ಲಿ ಕೇಳಿದ್ದನ್ನ. ಅವತ್ತು ಹೂಂ ಅಂದದ್ದು ನನ್ನ ಬಾಯಿ ಅಷ್ಟೇ. ನನಗೆ ನಿಮ್ಮ ಪ್ರಶ್ನೆ ಮುಟ್ಟಲೇ ಇಲ್ಲ. ಈಗಷ್ಟೇ, ಚಾಲಕಣ್ಣ ಹೇಳಿದ ಮೇಲೆ..."

ಅವನ ಕೈ ನಿಂತಿತು. "ನೀವು ಕೇಳಿಸ್ಕೊಂಡೇ ಇರಲಿಲ್ವಾ?"

"ಇಲ್ಲ. ಮೊದಲ ದಿನವೇ ಹೇಳಿದ್ನಲ್ಲ, ಹೂಂ ಅಂದ್ರೆ ಒಪ್ಪಿಗೆ ಅಲ್ಲ ಅಂತ. ಹೂಂ ಅಂದದ್ದು ಯಾರು ಅಂತ ಊರಿಗೆಲ್ಲ ಪಾಠ ಹೇಳಿದವರು ನೀವು. ನನ್ನದನ್ನ ಮಾತ್ರ ಒಂದೇ ಸಲಕ್ಕೆ ನಂಬಿಬಿಟ್ರಲ್ಲ. ಮತ್ತೆ ಕೇಳೋಕೆ ಏನಾಗಿತ್ತು ನಿಮಗೆ?"

"ಭಯ ಆಗಿತ್ತು." ಅವನು ನೆಲ ನೋಡಿದ. "ಎರಡನೇ ಸಲವೂ ಹೋಗಿ ಅಂದುಬಿಟ್ರೆ, ಆಮೇಲೆ ಯಾವ ಆಸೆ ಇಟ್ಕೊಂಡು ಕಾಯಲಿ?"

ಕರೆ ತೆಗೆದುಕೊಳ್ಳುವ ಹೆಂಗಸರು ಯಾರೂ ಇವರತ್ತ ನೋಡಲಿಲ್ಲ. ಯಾರೂ ಉಸಿರೂ ಬಿಡಲಿಲ್ಲ.

"ಕೇಳಿ," ಎಂದಳು ಅವಳು ಮತ್ತೆ.

"ನಾನು ಬಂದರು ಊರಿಗೆ ಹೋಗಲಾ? ಅಲ್ಲೇ ಇದ್ದುಬಿಡಲಾ?"

"ಬಂದರು ಊರಿಗೆ ಹೋಗಿ ಅಲ್ಲೇ ಇದ್ದುಬಿಡಲಾ ಅಂತ ಕೇಳ್ತಿದ್ದೀರಿ. ಪೂರ್ತಿ ಮುಟ್ಟಿತು. ಉತ್ತರ... ಬೇಡ. ನನ್ನನ್ನ ಬಿಟ್ಟು ಇರಬೇಡಿ. ನೀವು ಎಲ್ಲದಕ್ಕೂ 'ಸರಿಯಾಗಿದೆ' ಅಂದ ಈ ದಿನಗಳಲ್ಲಿ ನನಗೆ ಒಂದು ಗೆರೆಯೂ ಸರಿಯಾಗಿ ಬರೆಯೋಕಾಗಿಲ್ಲ. ನಿಮ್ಮ ಜೊತೆ ಜಗಳ ಆಡ್ಕೊಂಡೇ ಇರಬೇಕು ಅನಿಸುತ್ತೆ. ಜೀವನ ಪೂರ್ತಿ."

ಅವನ ಮುಖ ಅರಳಿತು. ಅರಳಿದ್ದೇ ಮತ್ತೆ ಬಾಡಿತು.

"ಮಾತು ಕೊಟ್ಟಾಗಿದೆ. ಅಲ್ಲಿ ಈಗ ಏನೂ ಇಲ್ಲ. ಗಾಡಿ ಬಾಗಿಲಿಗೆ ಬರೋವರೆಗೂ ಡಾಕ್ಟರಿಗೆ ಸುದ್ದಿಯೇ ಇರಲ್ಲ."

ಆ ಅಡುಗೆಯವನ ಸ್ಟ್ರೆಚರ್ ಎಲ್ಲೂ ನಿಲ್ಲದೆ ಒಳಗೆ ಹೋದದ್ದು ಅವಳ ಕಣ್ಣ ಮುಂದೆಯೇ ಇತ್ತು. ಅದನ್ನು ಕಂಡ ಮೇಲೆ ಹೋಗಲೇಬೇಡಿ ಅನ್ನಲು ಬಾಯಿ ಬರಲಿಲ್ಲ. ಸ್ವಲ್ಪ ಯೋಚಿಸಿದಳು.

"ಕಟ್ಟಿಕೊಟ್ಟು ಬಂದ್ರೆ? ಅವರಿಗೆ ಬೇಕಾಗಿರೋದು ದಾರಿ ತಾನೆ, ನೀವಲ್ಲವಲ್ಲ?"

"ನಾನು ಬೇಡವೇ ಬೇಡ ಅಂತಲ್ಲ," ಎಂದ ಅವನು, ಅಷ್ಟು ಹೊತ್ತಿಗೇ ಹಳೆಯ ಅಡ್ಡಗಾಲಾಗಿ.

"ಫೋನ್ ಮಾಡಿ."

ಮಾಡಿದ. ಬಂದರು ಆಸ್ಪತ್ರೆಯ ಮುಖ್ಯಸ್ಥೆ ದೊಡ್ಡ ದನಿಯ ಹೆಂಗಸು. ಫೋನಿನ ಆಚೆಯಿಂದಲೂ ಎಲ್ಲರಿಗೂ ಕೇಳಿಸಿತು. "ಕಾಯಂ ಇರಕ್ಕಾಗಲ್ವಾ? ಯಾಕಪ್ಪ, ಅಲ್ಲಿ ಯಾರಾದ್ರೂ ಕಟ್ಟಿಹಾಕಿದ್ರಾ? ಸರಿ ಸರಿ, ಕಟ್ಟಿಕೊಟ್ಟು, ನಮ್ಮವರಿಗೆ ಕಲಿಸಿಕೊಟ್ಟು ಹೋಗು. ಮದುವೆಗೆ ಕರೆಯೋದು ಮರೀಬೇಡ."

ಸಾಲಾಗಿ ಕೂತ ಹೆಂಗಸರಲ್ಲಿ ಒಬ್ಬಳಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

ಇಬ್ಬರೂ ಹೊರಗಿನ ಮೆಟ್ಟಿಲಿಗೆ ಬಂದರು. ಕೆಳಗೆ ಅಂಗಳದಲ್ಲಿ ಚಾಲಕಣ್ಣ ಗಾಡಿ ತೊಳೆಯುತ್ತಿದ್ದ. ನೀರಿನ ಮೇಲೆ ಬಿಸಿಲು ಹರಡಿತ್ತು. ಅವನು ಚೀಲವನ್ನು ಹೆಗಲಿಗೇರಿಸಿದ. ಅದರ ಪಟ್ಟಿ ತಿರುಚಿಕೊಂಡಿತ್ತು. ಅವಳು ಸರಿಮಾಡಿದಳು. ಸರಿಯಾದ ಮೇಲೂ ಕೈ ತೆಗೆಯಲಿಲ್ಲ.

"ಹಾಗಾದ್ರೆ... ಹೊರಡಲಾ?" ಎಂದ ಅವನು.

ಅವಳು ಅವನನ್ನೇ ನೋಡಿದಳು. "ಹೋಗಿ ಬಾ."

ಅವನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟ. "ಬಾ ಅಂದ್ರಾ? ಬನ್ನಿ ಅಲ್ವಾ?"

"ಬಾ ಅಂದೆ. ಬೇಗ ಬಾ."

"ಬರ್ತೀನಿ ಕಣೇ," ಎಂದ ಅವನು. ಅಂದವನಿಗೆ ಆ ಮೆಟ್ಟಿಲಿನಿಂದ ಇಳಿಯಲು ಬಹಳ ಹೊತ್ತು ಹಿಡಿಯಿತು.